ಭಯಾನಕ ರಸದ ಕಥೆಗಾರ

1919ರಲ್ಲಿ ಲಂಡನ್ನಿನ ಹ್ಯಾರಪ್ ಎಂಬ ಪ್ರಕಾಶನ ಸಂಸ್ಥೆಯು ದೊಡ್ಡ ಆಕಾರದ ಒಂದು ಸಚಿತ್ರ ಕಥಾಸಂಕಲನವನ್ನು ಹೊರತಂದಿತು. ಅದರ ಹೆಸರು ‘ರಹಸ್ಯ ಮತ್ತು ಕಲ್ಪನೆಯ ಕಥೆಗಳು’. ಪುಟವನ್ನೆಲ್ಲ ತುಂಬುವ 24 ಕಪ್ಪು ಬಿಳುಪಿನ ಚಿತ್ರಗಳು ಅದರಲ್ಲಿದ್ದುವು. ಕಾಡಿಗೆಯಂತೆ ದಟ್ಟವಾದ ಕತ್ತಲೆ, ಆ ಕತ್ತಲೆಯೊಳಗಿನಿಂದ ಹೊರಚಾಚುವ ನೀಳವಾದ ದೇಹಗಳು, ಅಗಲವಾಗಿ ತೆರೆದ ಕಣ್ಣುಗಳು, ಕೂದಲೆಳೆಗಿಂತ ಸೂಕ್ಷ್ಮವಾದ ಗೆರೆಗಳು. ಚಿತ್ರಗಳನ್ನು ಬರೆದವನು ಐರ್ಲೆಂಡಿನ ಹ್ಯಾರಿ ಕ್ಲಾರ್ಕ್. ಪುಸ್ತಕಕ್ಕೆ ಒಳ್ಳೆಯ ಬೇಡಿಕೆ ಬಂದಿತು. 1923ರಲ್ಲಿ 8 ವರ್ಣಚಿತ್ರಗಳನ್ನು ಸೇರಿಸಿ ಅದನ್ನು ಮತ್ತೆ ಅಚ್ಚು ಹಾಕಿದರು. ಹಳೆಯ ಪುಸ್ತಕಗಳನ್ನು ಅಕ್ಕರೆಯಿಂದ ಕೂಡಿಡುವವರು ಈ ಮುದ್ರಣದ ಪ್ರತಿಗಳಿಗಾಗಿ ಹುಡುಕಾಡುತ್ತಾರೆ.

ಆ ಕಥೆಗಳನ್ನು ಬರೆದವನು ಆ ವೇಳೆಗೆ ತೀರಿಕೊಂಡು ಎಪ್ಪತ್ತು ವರ್ಷಗಳಾಗಿದ್ದುವು. ಅವನು ಬದುಕಿದ್ದಾಗ ಅವನ ಕಥೆಗಳ ಮೊದಲ ಸಂಕಲನವನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿದ ಪ್ರಕಾಶಕರು ಅವನಿಗೆ ಕೊಟ್ಟ ಸಂಭಾವನೆ 20 ಪ್ರತಿಗಳು ಮಾತ್ರ. ಹಣವಾಗಿ ಒಂದು ಕಾಸೂ ಇಲ್ಲ. ಅವನೇ ಎಡ್ಗರ್ ಅಲನ್ ಪೋ.

ಪೋ 1809ರ ಜನವರಿ 19ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ತಾಯಿಗಳಿಬ್ಬರೂ ನಾಟಕದವರು. ಊರಿಂದೂರಿಗೆ ತಿರುಗುವ ಮಂಡಳಿಯ ಬಾಳು ಅವರದು. ತಾಯಿ ಎಲಿಜಬೆತ್ ಜನಮೆಚ್ಚಿದ ನಟಿ. ತಂದೆ ಡೇವಿಡ್ ಅಷ್ಟೇನೂ ಹೆಸರು ಮಾಡಲಿಲ್ಲ; ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಸಂಸಾರವನ್ನು ಬಿಟ್ಟು ಹೊರಟುಹೋದನು. 1811ರ ಡಿಸೆಂಬರ್ 8ರಂದು ರಿಚ್ಮಂಡ್ ನಗರದಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಆಗ ಆಕೆಗೆ 24 ವರ್ಷ. ಇದೇ ತಿಂಗಳ ಕೊನೆಯಲ್ಲಿ ಆಕೆ ಅಭಿನಯಿಸುತ್ತಿದ್ದ ನಾಟಕ ಶಾಲೆಯೂ ಬೆಂಕಿಗೆ ಆಹುತಿಯಾಯಿತು. 72 ಜನರು ಅದರಲ್ಲಿ ಸತ್ತರು. ಮೂವರು ಮಕ್ಕಳು ಮೂರು ಮನೆಗಳ ಪಾಲಾದರು.

ಎಡ್ಗರನನ್ನು ಮನೆಗೆ ಕರೆದೊಯ್ದವರು ಜಾನ್ ಅಲನ್ ಎಂಬ ವರ್ತಕ ಮತ್ತು ಅವನ ಮಡದಿ ಫ್ರಾನ್ಸಿಸ್. ಅಲನನು ಹೊಗೆಸೊಪ್ಪು ಮೊದಲಾದ ಸರಕುಗಳ ವ್ಯಾಪಾರದಲ್ಲಿ ಅನುಕೂಲಸ್ಥನಾಗಿದ್ದವನು. ಅವರಿಗೆ ಮಕ್ಕಳಿರಲಿಲ್ಲ. ಹುಡುಗನಿಗೆ ಅಲನ್ ಎಂಬ ಮನೆತನದ ಹೆಸರು ಸೇರಿತು. ಆದರೆ ಶಾಸ್ತ್ರೋಕ್ತವಾಗಿ ಅವನನ್ನು ದತ್ತು ತೆಗೆದುಕೊಳ್ಳಲೇ ಇಲ್ಲ. ಆ ಒಂದು ಕಾಗದದ ಕೊರತೆ ಪೋನ ಜೀವನದುದ್ದಕ್ಕೂ ಅವನನ್ನು ಹಿಂಬಾಲಿಸಿತು ಎನ್ನಬಹುದು.

1815ರಿಂದ 1820ರವರೆಗೆ ಈ ಕುಟುಂಬವು ಬ್ರಿಟನ್ನಿನಲ್ಲಿ ನೆಲಸಿತು. ಲಂಡನ್ನಿನ ಹೊರವಲಯದ ಸ್ಟೋಕ್ ನ್ಯೂಯಿಂಗ್ಟನ್ ಎಂಬಲ್ಲಿ ಪಾದ್ರಿಯೊಬ್ಬರು ನಡೆಸುತ್ತಿದ್ದ ಶಾಲೆಯಲ್ಲಿ ಹುಡುಗನು ಓದಿದನು. ಹಳೆಯ ಮರಗಳು, ಹಳೆಯ ಮನೆಗಳು, ಮಂಜು ಮುಸುಕಿದ ಬೀದಿಗಳು ಅವನ ಎಳೆಯ ಮನಸ್ಸಿನಲ್ಲಿ ಊರಿ ನಿಂತುವು. ಮುಂದೆ ‘ವಿಲಿಯಂ ವಿಲ್ಸನ್’ ಎಂಬ ಕಥೆಯಲ್ಲಿ ಆ ಶಾಲೆ ಬೇರೆ ಬಣ್ಣ ತಳೆದು ಕಾಣಿಸಿಕೊಂಡಿತು.

1825ರಲ್ಲಿ ಅಲನನಿಗೆ ಚಿಕ್ಕಪ್ಪನೊಬ್ಬನಿಂದ ಅಪಾರವಾದ ಆಸ್ತಿ ಬಂದಿತು. ಮರುವರ್ಷ ಪೋ ವರ್ಜೀನಿಯ ವಿಶ್ವವಿದ್ಯಾನಿಲಯವನ್ನು ಸೇರಿದನು. ಭಾಷೆಗಳಲ್ಲಿ ಅವನು ಚುರುಕು. ಆದರೆ ಸಾಕುತಂದೆ ಕೊಟ್ಟ ಹಣ ಕಾಲೇಜಿನ ಶುಲ್ಕಕ್ಕೂ ಸಾಲುವಂತಿರಲಿಲ್ಲ. ಕೊರತೆಯನ್ನು ಇಸ್ಪೀಟಿನ ಜೂಜಿನಿಂದ ತುಂಬಿಕೊಳ್ಳುವೆನೆಂಬ ಹುಡುಗುತನಕ್ಕೆ ಪೋ ಬಲಿಯಾದನು. ಸಾಲ ಬೆಟ್ಟವಾಯಿತು, ಅಲನನು ತೀರಿಸಲು ಒಪ್ಪಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಓದು ಮುಗಿಯಿತು. ಊರಿಗೆ ಮರಳಿ ಬಂದರೆ, ತಾನು ಪ್ರೀತಿಸಿದ್ದ ಎಲ್ಮೈರ ರಾಯ್ಸ್ಟರ್ ಎಂಬ ಹುಡುಗಿಗೆ ಬರೆದ ಪತ್ರಗಳನ್ನು ಆಕೆಯ ತಂದೆ ತಡೆಹಿಡಿದಿದ್ದನೆಂದು ತಿಳಿಯಿತು. ಇಬ್ಬರಲ್ಲಿ ತಪ್ಪು ಯಾರದು ಎಂದು ಕೇಳಿದರೆ, ಅಲನನ ಬಿಗಿಮುಷ್ಟಿಯೂ ಪೋನ ದುಡುಕೂ ಎರಡೂ ನಿಜವೇ. ಐಶ್ವರ್ಯದ ನಡುವೆ ಬೆಳೆಸಿ, ಐಶ್ವರ್ಯವಂತರ ಮಕ್ಕಳ ನಡುವೆ ಕೂಡಿಸಿ, ಕೈ ಬರಿದಾಗಿ ಬಿಡುವುದು ಮಾತ್ರ ನನಗೆ ನ್ಯಾಯವೆಂದು ತೋರುವುದಿಲ್ಲ.

1827ರಲ್ಲಿ ಮನೆ ಬಿಟ್ಟು ಬಾಸ್ಟನ್ನಿಗೆ ಹೋದ ಪೋ ಎಡ್ಗರ್ ಪೆರ್ರಿ ಎಂಬ ಸುಳ್ಳು ಹೆಸರಿನಿಂದ ಸೈನ್ಯಕ್ಕೆ ಸೇರಿದನು. ಅದೇ ವರ್ಷ 40 ಪುಟಗಳ ಒಂದು ತೆಳುವಾದ ಕವನ ಸಂಗ್ರಹವನ್ನು ಪ್ರಕಟಿಸಿದನು. ‘ಟ್ಯಾಮರ್ಲೇನ್ ಮತ್ತು ಇತರ ಕವನಗಳು’ ಎಂಬ ಆ ಪುಸ್ತಕದ ಮೇಲೆ ಕವಿಯ ಹೆಸರಿರಲಿಲ್ಲ; ಬಾಸ್ಟನ್ನಿನವನೊಬ್ಬ ಎಂದಷ್ಟೇ ಇತ್ತು. ಸುಮಾರು 50 ಪ್ರತಿಗಳನ್ನು ಅಚ್ಚು ಹಾಕಿದ್ದಿರಬೇಕೆಂದು ವಿದ್ವಾಂಸರ ಊಹೆ. ಯಾರೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಅದರ ಒಂದು ಪ್ರತಿ 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 6,62,500 ಡಾಲರುಗಳಿಗೆ ಮಾರಾಟವಾಯಿತು. ಅದನ್ನು ಬರೆದ ಹದಿನೆಂಟರ ತರುಣನಿಗೆ ಸೈನ್ಯದಲ್ಲಿ ತಿಂಗಳಿಗೆ ಸಿಗುತ್ತಿದ್ದುದು 5 ಡಾಲರು.

ಸೈನ್ಯದಲ್ಲಿ ಅವನು ಶಿಸ್ತಿನಿಂದ ದುಡಿದು ಸಾರ್ಜೆಂಟ್ ಮೇಜರ್ ಪದವಿಗೆ ಏರಿದನು. 1829ರ ಫೆಬ್ರವರಿಯಲ್ಲಿ ಸಾಕುತಾಯಿ ಫ್ರಾನ್ಸಿಸ್ ತೀರಿಕೊಂಡಳು. ಪೋ ರಿಚ್ಮಂಡಿಗೆ ಬಂದು ತಲುಪುವಷ್ಟರಲ್ಲಿ ಸಮಾಧಿಯೂ ಆಗಿಹೋಗಿತ್ತು. ಆ ದುಃಖದಲ್ಲಿ ಅಲನನ ಮನಸ್ಸು ಕೊಂಚ ಕರಗಿ, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಹುಡುಗನನ್ನು ಸೇರಿಸಲು ನೆರವಾದನು. ಆದರೆ ಅಲನನು ಮರುಮದುವೆಯಾದ ಮೇಲೆ ಆ ಎಳೆಯೂ ಹರಿಯಿತು. ಪೋ ಬೇಕೆಂದೇ ಕವಾಯತಿಗೂ ಪಾಠಕ್ಕೂ ಗೈರುಹಾಜರಾಗಿ, ಸೈನಿಕ ನ್ಯಾಯಾಲಯದ ವಿಚಾರಣೆಗೆ ಗುರಿಯಾಗಿ, 1831ರಲ್ಲಿ ಅಲ್ಲಿಂದ ಹೊರಬಿದ್ದನು. 1834ರಲ್ಲಿ ಅಲನನು ಸತ್ತಾಗ ಅವನ ಉಯಿಲಿನಲ್ಲಿ ಎಡ್ಗರನ ಹೆಸರೇ ಇರಲಿಲ್ಲ.

ಬಾಲ್ಟಿಮೋರ್ ನಗರದಲ್ಲಿ ಪೋನಿಗೆ ಒಂದು ಆಸರೆ ದೊರೆಯಿತು. ಅಲ್ಲಿ ಅವನ ಸೋದರತ್ತೆ ಮರಿಯ ಕ್ಲೆಮ್ ಎಂಬ ವಿಧವೆ ತನ್ನ ಮಗಳು ವರ್ಜೀನಿಯಳೊಡನೆ ಇದ್ದಳು. ಹೊಲಿಗೆ ಮಾಡಿ, ಮನೆಯಲ್ಲಿ ಬಾಡಿಗೆಯವರನ್ನಿಟ್ಟುಕೊಂಡು ಜೀವನ ಸಾಗಿಸುತ್ತಿದ್ದ ಬಡ ಹೆಂಗಸು. 1833ರಲ್ಲಿ ಆ ಊರಿನ ಪತ್ರಿಕೆಯೊಂದು ಏರ್ಪಡಿಸಿದ ಸ್ಪರ್ಧೆಯಲ್ಲಿ ಪೋನ ‘ಸೀಸೆಯಲ್ಲಿ ದೊರೆತ ಹಸ್ತಪ್ರತಿ’ ಎಂಬ ಕಥೆಗೆ 50 ಡಾಲರಿನ ಬಹುಮಾನ ಬಂದಿತು. ಕವಿಯಾಗಬೇಕೆಂದಿದ್ದವನು ಕಥೆಗಾರನಾದದ್ದು ಹೀಗೆ. 1835ರಲ್ಲಿ ರಿಚ್ಮಂಡಿನ ಒಂದು ಮಾಸಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಅವನು ವರ್ಜೀನಿಯಳನ್ನು ಮದುವೆಯಾದನು. ಸೋದರತ್ತೆಯ ಮಗಳನ್ನು ವರಿಸುವುದು ನಮ್ಮ ನಾಡಿನವರಿಗೆ ಹೊಸತಲ್ಲ. ಆದರೆ ವರನಿಗೆ 27, ವಧುವಿಗೆ 13 ವರ್ಷ. ದಾಖಲೆಯಲ್ಲಿ ಆಕೆಗೆ 21 ಎಂದು ಬರೆಸಿದರು. ಇದನ್ನು ಮರೆಮಾಚುವುದಾಗಲಿ ಒಪ್ಪುವುದಾಗಲಿ ಸಾಧ್ಯವಿಲ್ಲ. ಅವರು ಕೂಡಿ ಬಾಳಿದ ಹನ್ನೊಂದು ವರ್ಷಗಳಲ್ಲಿ ಪರಸ್ಪರ ಅಕ್ಕರೆಗೆ ಕೊರತೆಯಿರಲಿಲ್ಲವೆಂದು ಕಂಡವರು ಹೇಳಿದ್ದಾರೆ.

ಪತ್ರಿಕೆಯ ಮೇಜಿನ ಮುಂದೆ ಕುಳಿತ ಪೋ ಕಠಿಣ ವಿಮರ್ಶಕನಾಗಿ ಹೆಸರು ಪಡೆದನು. ಸಾಧಾರಣ ಪುಸ್ತಕಗಳನ್ನು ಸೀಳಿ ಹಾಕುತ್ತಿದ್ದನು. ಕೆಲವು ಸಲ ನ್ಯಾಯವಾಗಿ, ಕೆಲವು ಸಲ ಮತ್ಸರದಿಂದ. ಲಾಂಗ್‌ಫೆಲೋ ಕವಿಯ ಮೇಲೆ ಅವನು ಹೊರಿಸಿದ ಕೃತಿಚೌರ್ಯದ ಆರೋಪ ಎರಡನೆಯ ಬಗೆಯದು. ಇದರಿಂದ ಓದುಗರು ಹೆಚ್ಚಿದರು, ಶತ್ರುಗಳೂ ಹೆಚ್ಚಿದರು. ಮೇಲಾಗಿ ಕುಡಿತದ ಚಪಲವಿತ್ತು. ತಿಂಗಳುಗಟ್ಟಲೆ ಮದ್ಯವನ್ನು ಮುಟ್ಟದೆ ಇರುತ್ತಿದ್ದವನು ಸಂಕಟದ ಗಳಿಗೆಯಲ್ಲಿ ಒಂದು ಬಟ್ಟಲಿಗೆ ಕೈಚಾಚಿದರೆ ದಿನಗಟ್ಟಲೆ ಮಲಗಿಬಿಡುತ್ತಿದ್ದನು. ಕೆಲಸಗಳು ಕೈಬಿಟ್ಟು ಹೋಗಲು ಇದೂ ಒಂದು ಕಾರಣವಾಯಿತು.

ಇನ್ನೊಂದು ಕಾರಣ ಕಾಲದ್ದು. ಆ ದಿನಗಳಲ್ಲಿ ಅಮೆರಿಕದ ಕಾನೂನು ಪರದೇಶದ ಲೇಖಕರ ಹಕ್ಕುಗಳನ್ನು ಮನ್ನಿಸುತ್ತಿರಲಿಲ್ಲ. ಡಿಕನ್ಸನಂತಹ ಇಂಗ್ಲಿಷ್ ಲೇಖಕರ ಕೃತಿಗಳನ್ನು ಪ್ರಕಾಶಕರು ಬಿಟ್ಟಿಯಾಗಿ ಅಚ್ಚು ಹಾಕಿ ಮಾರಬಹುದಾಗಿತ್ತು. ಬಿಟ್ಟಿ ಸಿಗುವಾಗ ಸ್ವದೇಶದ ಲೇಖಕನಿಗೆ ಹಣ ಕೊಡುವವರಾರು? ಈ ಸ್ಥಿತಿ ಬದಲಾದದ್ದು 1891ರಲ್ಲಿ. ಬರವಣಿಗೆಯೊಂದನ್ನೇ ನಂಬಿ ಬದುಕಲು ಹೊರಟ ಪೋ ಆ ಬಿರುಕಿನಲ್ಲಿ ಸಿಕ್ಕಿಕೊಂಡನು. 1839ರಲ್ಲಿ ಅವನ ಹೆಸರಿನಲ್ಲಿ ಶಾಲಾ ಮಕ್ಕಳಿಗಾಗಿ ಕಪ್ಪೆಚಿಪ್ಪುಗಳನ್ನು ಕುರಿತ ಒಂದು ಪಠ್ಯಪುಸ್ತಕ ಬಂದಿತು. ಅದು ಬೇರೊಬ್ಬರ ದುಬಾರಿ ಗ್ರಂಥದ ಸಂಗ್ರಹ. ಪೋ ಮುನ್ನುಡಿ ಬರೆದು, ಭಾಗಗಳನ್ನು ಅನುವಾದಿಸಿ, ಹೆಸರನ್ನು ಕೊಟ್ಟಿದ್ದನು. ಅವನ ಜೀವಿತಕಾಲದಲ್ಲಿ ಅಮೆರಿಕದಲ್ಲಿ ಎರಡನೆಯ ಮುದ್ರಣ ಕಂಡದ್ದು ಅದೊಂದೇ. ಪಠ್ಯಪುಸ್ತಕಕ್ಕೆ ಪಾಠ ಬರೆಯುತ್ತ ಕುಳಿತಿರುವ ನನಗೆ ಇದನ್ನು ನೆನೆದಾಗ ನಗಬೇಕೋ ಮರುಗಬೇಕೋ ತಿಳಿಯುವುದಿಲ್ಲ.

ಇನ್ನು ಅವನ ಕಥೆಗಳ ವಿಷಯ. ನಮ್ಮ ಆಲಂಕಾರಿಕರು ಎಣಿಸಿದ ಒಂಬತ್ತು ರಸಗಳಲ್ಲಿ ಭಯಾನಕವೂ ಒಂದು. ಭಯವೆಂಬ ಸ್ಥಾಯಿಭಾವವು ಕಲೆಯಲ್ಲಿ ಆಸ್ವಾದ್ಯವಾಗುವುದೆಂಬ ಮಾತನ್ನು ಪೋ ಕೇಳಿದ್ದವನಲ್ಲ. ಆದರೆ ಬರೆದು ತೋರಿಸಿದನು. ಅವನಿಗಿಂತ ಮೊದಲೇ ಯೂರೋಪಿನಲ್ಲಿ ಗಾಥಿಕ್ ಎಂಬ ಹೆಸರಿನ ಕಥಾಪ್ರಕಾರವಿತ್ತು. 1764ರಲ್ಲಿ ಹೊರೇಸ್ ವಾಲ್ಪೋಲನು ಬರೆದ ‘ಒಟ್ರಾಂಟೊ ಕೋಟೆ’ ಅದರ ಆದಿ. ಪಾಳುಗೋಟೆ, ನೆಲಮಾಳಿಗೆ, ಶಾಪ, ಪ್ರೇತ ಇವು ಅದರ ಸಾಮಗ್ರಿ. ಪೋ ಈ ಸಾಮಗ್ರಿಯನ್ನು ಉಳಿಸಿಕೊಂಡು ಭಯದ ನೆಲೆಯನ್ನು ಮಾತ್ರ ಬದಲಿಸಿದನು. ಅವನ ಕಥೆಗಳಲ್ಲಿ ಭೂತ ಹೊರಗಿಲ್ಲ. ಮನುಷ್ಯನ ಮನಸ್ಸಿನೊಳಗೆ ಕುಳಿತಿದೆ.

1843ರಲ್ಲಿ ಪ್ರಕಟವಾದ ‘ಗುಟ್ಟು ಬಿಟ್ಟ ಹೃದಯ’ವನ್ನು ನೋಡೋಣ. ಒಬ್ಬ ಮುದುಕನ ಒಂದು ಕಣ್ಣು ತನ್ನನ್ನು ಕಾಡುತ್ತಿದೆಯೆಂಬ ಒಂದೇ ಕಾರಣದಿಂದ ಅವನನ್ನು ಕೊಂದವನು ಹೆಣವನ್ನು ನೆಲದ ಹಲಗೆಗಳ ಕೆಳಗೆ ಅಡಗಿಸುತ್ತಾನೆ. ಪೊಲೀಸರು ಬಂದಾಗ ಅದೇ ಜಾಗದ ಮೇಲೆ ಕುರ್ಚಿ ಹಾಕಿಕೊಂಡು ಧೈರ್ಯವಾಗಿ ಮಾತನಾಡುತ್ತಾನೆ. ಆಗ ಸತ್ತವನ ಹೃದಯ ಬಡಿದುಕೊಳ್ಳುವ ಸದ್ದು ಅವನ ಕಿವಿಗೆ ಬೀಳತೊಡಗುತ್ತದೆ. ಸದ್ದು ಏರುತ್ತದೆ, ಮತ್ತೂ ಏರುತ್ತದೆ. ಕೊನೆಗೆ ತಾಳಲಾರದೆ ತಾನೇ ತಪ್ಪೊಪ್ಪಿಕೊಳ್ಳುತ್ತಾನೆ. ಕಥೆಯ ಉದ್ದಕ್ಕೂ ತನಗೆ ಹುಚ್ಚಿಲ್ಲವೆಂದು ಸಾಧಿಸುವುದೇ ಅವನ ಹಟ. ನಾನು ಮೇಷ್ಟರಾಗಿದ್ದಾಗ ಒಂದು ಮಳೆಗಾಲದ ಸಂಜೆ ತರಗತಿಯಲ್ಲಿ ಈ ಕಥೆಯನ್ನು ಹೇಳಿದ್ದೆ. ಮುಗಿದ ಮೇಲೆ ಹುಡುಗರು ಕೆಲಹೊತ್ತು ಏಳಲಿಲ್ಲ. ಹಿಂದಿನ ಬೆಂಚಿನ ತುಂಟನೊಬ್ಬ ಮಾತ್ರ ಬಗ್ಗಿ ನೆಲವನ್ನು ನೋಡುತ್ತಿದ್ದನು.

‘ಅಷರ್ ಮನೆತನದ ಪತನ’ದಲ್ಲಿ ಒಂದು ಹಳೆಯ ಮನೆ, ಅದರ ಗೋಡೆಯ ನೆತ್ತಿಯಿಂದ ಬುಡದವರೆಗೆ ಕಂಡೂ ಕಾಣದ ಒಂದು ಬಿರುಕು. ಒಳಗೆ ಅಣ್ಣ ತಂಗಿ, ಆ ವಂಶದ ಕೊನೆಯ ಕುಡಿಗಳು. ಸತ್ತಳೆಂದು ತಿಳಿದು ತಂಗಿಯನ್ನು ನೆಲಮಾಳಿಗೆಯಲ್ಲಿ ಇಡುತ್ತಾರೆ. ಆಕೆ ಸತ್ತಿರಲಿಲ್ಲ. ಬಿರುಗಾಳಿಯ ರಾತ್ರಿ ಆಕೆ ಎದ್ದು ಬಂದು ಅಣ್ಣನ ಮೇಲೆ ಬೀಳುವಳು, ಇಬ್ಬರೂ ಮಡಿಯುವರು, ಬಿರುಕು ಬಾಯ್ದೆರೆದು ಮನೆಯೇ ಎದುರಿನ ಕಪ್ಪು ಕೊಳದಲ್ಲಿ ಮುಳುಗುವುದು. ಮೊದಲ ಪುಟದ ಸಣ್ಣ ಬಿರುಕು ಕೊನೆಯ ಪುಟದಲ್ಲಿ ಮನೆಯನ್ನು ನುಂಗುತ್ತದೆ. ಇದು ಪೋನ ಕಲೆಯ ಗುಟ್ಟು. ಸಣ್ಣಕಥೆಯನ್ನು ಒಂದೇ ಸಲ ಕುಳಿತು ಓದಿ ಮುಗಿಸುವಂತಿರಬೇಕು, ಅದರ ಪ್ರತಿಯೊಂದು ಪದವೂ ಮೊದಲೇ ನಿಶ್ಚಯಿಸಿದ ಒಂದೇ ಪರಿಣಾಮದತ್ತ ಸಾಗಬೇಕು ಎಂಬುದು 1842ರಲ್ಲಿ ಅವನು ಮಂಡಿಸಿದ ಸಿದ್ಧಾಂತ.

1841ರಲ್ಲಿ ಬಂದ ‘ರೂ ಮಾರ್ಗ್ ಬೀದಿಯ ಕೊಲೆಗಳು’ ಇನ್ನೊಂದು ದಾರಿಯನ್ನು ತೆರೆಯಿತು. ಸುಳಿವುಗಳನ್ನು ಜೋಡಿಸಿ ಬುದ್ಧಿಬಲದಿಂದ ಅಪರಾಧವನ್ನು ಬಿಡಿಸುವ ಪತ್ತೇದಾರ ಅಲ್ಲಿ ಮೊದಲು ಕಾಲಿಟ್ಟನು. ಷರ್ಲಾಕ್ ಹೋಮ್ಸನು ಅವನ ನಂತರದ ಪೀಳಿಗೆಯವನು. ನಮ್ಮ ಓದುಗರಿಗೆ ಕುತೂಹಲವೆನಿಸುವ ಒಂದು ಸಂಗತಿಯೂ ಇದೆ. 1844ರ ಒಂದು ಕಥೆಯಲ್ಲಿ ವರ್ಜೀನಿಯದ ಬೆಟ್ಟಗಳಲ್ಲಿ ಅಲೆಯುತ್ತಿದ್ದವನಿಗೆ ಇದ್ದಕ್ಕಿದ್ದಂತೆ ನಮ್ಮ ಕಾಶಿಯ ಬೀದಿಗಳೂ ನದೀತೀರವೂ, ಚೇತಸಿಂಹನ ಕಾಲದ ದಂಗೆಯೂ ಕಣ್ಣೆದುರು ನಿಲ್ಲುತ್ತವೆ. ಪೋ ಭಾರತವನ್ನು ಕಂಡವನಲ್ಲ. ವಾರನ್ ಹೇಸ್ಟಿಂಗ್ಸನನ್ನು ಕುರಿತ ಮೆಕಾಲೆಯ ಪ್ರಬಂಧವನ್ನು ಓದಿಕೊಂಡು ಬರೆದದ್ದು.

1842ರ ಜನವರಿಯ ಒಂದು ಸಂಜೆ ಫಿಲಡೆಲ್ಫಿಯದ ಮನೆಯಲ್ಲಿ ವರ್ಜೀನಿಯ ಪಿಯಾನೋ ಮುಂದೆ ಕುಳಿತು ಹಾಡುತ್ತಿದ್ದಳು. ಹಾಡು ನಿಂತಿತು, ಬಾಯಿಂದ ರಕ್ತ ಬಂದಿತು. ತಾಯಿಯನ್ನು ಕೊಂಡೊಯ್ದ ಕ್ಷಯವೇ ಮಡದಿಯನ್ನೂ ಹಿಡಿದಿತ್ತು. ಆ ವರ್ಷದ ಮೇ ತಿಂಗಳಲ್ಲಿ ‘ಕೆಂಪು ಮೃತ್ಯುವಿನ ಮುಖವಾಡ’ ಪ್ರಕಟವಾಯಿತು. ಹೊರಗೆ ರಕ್ತ ಸುರಿಸಿ ಕೊಲ್ಲುವ ಮಾರಿ. ಒಳಗೆ ಬಾಗಿಲುಗಳನ್ನು ಬೆಸೆದುಕೊಂಡು ಏಳು ಬಣ್ಣದ ಏಳು ಕೋಣೆಗಳಲ್ಲಿ ಕುಣಿಯುವ ರಾಜಕುಮಾರ ಮತ್ತು ಅವನ ಪರಿವಾರ. ಗಂಟೆಗೊಮ್ಮೆ ಬಡಿದು ಎಲ್ಲರನ್ನೂ ನಿಲ್ಲಿಸುವ ಕಪ್ಪು ಗಡಿಯಾರ. ಬೆಸೆದ ಬಾಗಿಲು ಮೃತ್ಯುವನ್ನು ತಡೆಯುವುದಿಲ್ಲ. ಎರಡು ಘಟನೆಗಳನ್ನೂ ಬಲವಂತವಾಗಿ ಗಂಟುಹಾಕಬೇಕಾಗಿಲ್ಲ. ಆದರೂ ಕಥೆಯನ್ನು ಓದುವಾಗ ಆ ಪಿಯಾನೋ ನೆನಪಾಗದಿರದು.

1845ರ ಜನವರಿಯಲ್ಲಿ ‘ಕಾಡುಕಾಗೆ’ ಎಂಬ ಕವನ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಗಿ ಪೋ ಒಂದೇ ತಿಂಗಳಲ್ಲಿ ಮನೆಮಾತಾದನು. ಪತ್ರಿಕೆಯಿಂದ ಪತ್ರಿಕೆಗೆ ಕವನ ಹಾರಿತು. ಕವಿಯ ಜೇಬಿಗೆ ಬಿದ್ದದ್ದು ಕೆಲವೇ ಡಾಲರುಗಳು. 1846ರಲ್ಲಿ ಸಂಸಾರವು ನ್ಯೂಯಾರ್ಕಿನ ಹೊರಗೆ ಫೋರ್ಡಮ್ ಎಂಬ ಹಳ್ಳಿಯ ಚಿಕ್ಕ ಮನೆಗೆ ಬಂದಿತು. ಸೋದರಳಿಯನೂ ಅಳಿಯನೂ ಆದವನ ಹಸ್ತಪ್ರತಿಗಳನ್ನು ಹಿಡಿದುಕೊಂಡು ಕ್ಲೆಮ್ ಪತ್ರಿಕಾಲಯಗಳ ಬಾಗಿಲು ತಟ್ಟುತ್ತಿದ್ದಳು. ಚಳಿಗಾಲದಲ್ಲಿ ಮನೆಗೆ ಹೋದ ಗೆಳತಿಯೊಬ್ಬಳು ಕಂಡದ್ದು ಹುಲ್ಲಿನ ಹಾಸಿಗೆ, ರೋಗಿಯ ಮೇಲೆ ಹೊದಿಸಿದ ಗಂಡನ ಹಳೆಯ ಮೇಲಂಗಿ, ಎದೆಯ ಮೇಲೆ ಬೆಚ್ಚಗೆ ಕುಳಿತ ಒಂದು ಬೆಕ್ಕು. 1847ರ ಜನವರಿ 30ರಂದು ವರ್ಜೀನಿಯ ತೀರಿಕೊಂಡಳು. ಆಕೆಗೂ 24 ವರ್ಷ.

ಇಷ್ಟೆಲ್ಲದರ ನಡುವೆ ಪೋ ಒಂದು ಕನಸನ್ನು ಬಿಟ್ಟಿರಲಿಲ್ಲ. ತನ್ನದೇ ಆದ ಒಂದು ಮಾಸಪತ್ರಿಕೆ. ಉತ್ತಮವಾದ ಕಾಗದ, ಅಚ್ಚುಕಟ್ಟಾದ ಮುದ್ರಣ, ಬರಹಕ್ಕೆ ಒಪ್ಪುವ ಚಿತ್ರಗಳು, ಯಾರ ಮುಲಾಜಿಗೂ ಒಳಗಾಗದ ವಿಮರ್ಶೆ. 1840ರಲ್ಲಿ ಅದಕ್ಕೆ ‘ಪೆನ್’ ಎಂದೂ ಮುಂದೆ ‘ಸ್ಟೈಲಸ್’ ಎಂದೂ ಹೆಸರಿಟ್ಟನು. 1843ರಲ್ಲಿ ಡಾರ್ಲಿ ಎಂಬ ಒಳ್ಳೆಯ ಚಿತ್ರಕಾರನೊಡನೆ ಕರಾರೂ ಆಗಿತ್ತು. ವರ್ಷಕ್ಕೆ 5 ಡಾಲರು ಚಂದಾ. ಪ್ರತಿ ಸಲವೂ ಹಣ ಒದಗಿಸುವವನು ಹಿಂಜರಿಯುತ್ತಿದ್ದನು. 1849ರಲ್ಲಿ ಪೋ ಆ ಪತ್ರಿಕೆಯ ಮುಖಪುಟವನ್ನು ತನ್ನ ಕೈಯಿಂದಲೇ ಬರೆದು ಕಳುಹಿಸಿ, ಚಂದಾದಾರರನ್ನು ಹುಡುಕುತ್ತ ರಿಚ್ಮಂಡಿಗೆ ಹೋದನು. ವಿಧವೆಯಾಗಿದ್ದ ಎಲ್ಮೈರ ಅಲ್ಲಿ ಮತ್ತೆ ಭೇಟಿಯಾದಳು; ಮದುವೆಯ ಮಾತೂ ನಡೆಯಿತು.

ಸೆಪ್ಟೆಂಬರ್ 27ರಂದು ಅವನು ರಿಚ್ಮಂಡಿನಿಂದ ಹಡಗು ಹತ್ತಿದನು. ಅಕ್ಟೋಬರ್ 3ರಂದು ಬಾಲ್ಟಿಮೋರಿನ ಒಂದು ಮದ್ಯದಂಗಡಿಯ ಬಳಿ, ಅಂದು ಮತಗಟ್ಟೆಯಾಗಿದ್ದ ಸ್ಥಳದಲ್ಲಿ, ತನ್ನದಲ್ಲದ ಹರಕು ಬಟ್ಟೆ ತೊಟ್ಟು ಮೈಮೇಲೆ ಎಚ್ಚರವಿಲ್ಲದೆ ಇದ್ದುದನ್ನು ಪರಿಚಿತರು ಕಂಡು ಆಸ್ಪತ್ರೆಗೆ ಸೇರಿಸಿದರು. ನಡುವಿನ ದಿನಗಳಲ್ಲಿ ಏನಾಯಿತೆಂದು ಹೇಳುವಷ್ಟು ಎಚ್ಚರ ಅವನಿಗೆ ಬರಲಿಲ್ಲ. ಅಕ್ಟೋಬರ್ 7ರ ಬೆಳಗಿನಲ್ಲಿ ಪ್ರಾಣಬಿಟ್ಟನು. ವಯಸ್ಸು 40. ಬೆರಳೆಣಿಕೆಯ ಜನರ ನಡುವೆ ಸಮಾಧಿಯಾಯಿತು. ಪತ್ತೇದಾರಿ ಕಥೆಯ ಜನಕನ ಮರಣದ ಕಾರಣವನ್ನು ಯಾವ ಪತ್ತೇದಾರನೂ ಬಿಡಿಸಿಲ್ಲ.

ಎರಡೇ ದಿನಗಳಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಸುಳ್ಳು ಹೆಸರಿನಿಂದ ಒಂದು ಮರಣವಾರ್ತೆ ಬಂದಿತು. ಅವನ ಸಾವಿಗೆ ಮರುಗುವವರು ವಿರಳ ಎಂಬ ಧಾಟಿಯದು. ಬರೆದವನು ರೂಫಸ್ ಗ್ರಿಸ್ವೋಲ್ಡ್ ಎಂಬ ಸಂಪಾದಕ. ಪೋನ ವಿಮರ್ಶೆಯ ಏಟು ತಿಂದವನು. ವಿಚಿತ್ರವೆಂದರೆ ಪೋನ ಕೃತಿಗಳ ಸಂಪಾದಕನಾಗಿಯೂ ಅವನೇ ನಿಂತನು. ಸತ್ತವನ ಪತ್ರಗಳನ್ನು ತಿದ್ದಿ, ಇಲ್ಲದ ವಾಕ್ಯಗಳನ್ನು ಸೇರಿಸಿ, ಒಬ್ಬ ನೀಚನ ಚಿತ್ರವನ್ನು ನಿರ್ಮಿಸಿದನು. ಗೆಳೆಯರು ಪ್ರತಿಭಟಿಸಿದರೂ ಬಹುಕಾಲ ಜಗತ್ತು ನಂಬಿದ್ದು ಗ್ರಿಸ್ವೋಲ್ಡನನ್ನೇ. ಆ ಕೂಟಲೇಖನಗಳನ್ನು ಮೂಲ ಪತ್ರಗಳೊಡನೆ ಹೋಲಿಸಿ ಆರ್ಥರ್ ಹಾಬ್ಸನ್ ಕ್ವಿನ್ ಎಂಬ ವಿದ್ವಾಂಸನು ಬಯಲಿಗೆಳೆದದ್ದು 1941ರಲ್ಲಿ. ಈ ನಡುವೆ ಫ್ರಾನ್ಸಿನಲ್ಲಿ ಬೋದಿಲೇರ್ ಕವಿ ಪೋನ ಕಥೆಗಳನ್ನು ಅನುವಾದಿಸಿ 1856ರಿಂದ ಪುಸ್ತಕಗಳಾಗಿ ಹೊರತಂದಿದ್ದನು. ಸ್ವದೇಶ ಮರೆತವನನ್ನು ಪರದೇಶ ಎದೆಗಪ್ಪಿಕೊಂಡಿತು.

ಸಮಾಧಿಯ ಮೇಲೆ ಹೆಸರಿರಲಿಲ್ಲ. ಬಂಧುವೊಬ್ಬನು ಮಾಡಿಸಿದ ಕಲ್ಲನ್ನು, ಹಳಿ ತಪ್ಪಿ ಕಲ್ಲುಕುಟಿಗನ ಅಂಗಳಕ್ಕೆ ನುಗ್ಗಿದ ರೈಲು ಒಡೆದುಹಾಕಿತು. ಮುಂದೆ ಬಾಲ್ಟಿಮೋರಿನ ಸಾರಾ ಸಿಗೋರ್ನಿ ರೈಸ್ ಎಂಬ ಶಾಲಾ ಉಪಾಧ್ಯಾಯಿನಿ ಮುಂದೆ ನಿಂತು, ಉಪಾಧ್ಯಾಯರೂ ವಿದ್ಯಾರ್ಥಿಗಳೂ ಚಿಲ್ಲರೆ ಕಾಸು ಕೂಡಿಸಿ, ಇತರರೂ ನೆರವಾಗಿ, 1875ರಲ್ಲಿ ಅಮೃತಶಿಲೆಯ ಸ್ಮಾರಕವೆದ್ದಿತು. ಅದರಲ್ಲಿ ಜನ್ಮದಿನವನ್ನು ಜನವರಿ 20 ಎಂದು ತಪ್ಪಾಗಿ ಕೆತ್ತಿದರು. ಉಸ್ತುವಾರಿ ನೋಡಿದವರು ಮೇಷ್ಟರುಗಳಾಗಿದ್ದೂ ಈ ತಪ್ಪು ನುಸುಳಿತಲ್ಲ ಎಂದು ನನಗೆ ಸ್ವಲ್ಪ ಸಂಕೋಚ. 1885ರಲ್ಲಿ ವರ್ಜೀನಿಯಳ ಅಸ್ಥಿಗಳನ್ನೂ ತಂದು ಅಲ್ಲಿಯೇ ಇಟ್ಟರು. ಅತ್ತೆ ಕ್ಲೆಮ್ ಆ ಮೊದಲೇ ಅಲ್ಲಿ ಮಲಗಿದ್ದಳು.

ಚಿತ್ರಕಾರರು ಒಬ್ಬೊಬ್ಬರಾಗಿ ಬಂದರು. 1875ರಲ್ಲಿ ಮಾನೆ, ಆಮೇಲೆ ಗುಸ್ತಾವ್ ದೋರೆ, 1890ರ ದಶಕದಲ್ಲಿ ಬಿಯರ್ಡ್ಸ್‌ಲಿ. ಇವರೆಲ್ಲರ ನಂತರ ಡಬ್ಲಿನ್ನಿನ ಹ್ಯಾರಿ ಕ್ಲಾರ್ಕ್. ಕ್ಲಾರ್ಕನ ತಂದೆಯದು ಚರ್ಚುಗಳಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ಮಾಡಿಕೊಡುವ ಕಾರ್ಖಾನೆ. ಮಗನೂ ಅದೇ ಕಸುಬಿನವನು. ಬಣ್ಣದ ಗಾಜಿನ ಚೂರುಗಳ ನಡುವೆ ಸೀಸದ ಕಪ್ಪು ಪಟ್ಟಿಗಳು ಓಡುತ್ತವೆ. ಆ ಕಪ್ಪು ಇರುವುದರಿಂದಲೇ ಬೆಳಕು ಬೆಳಗುತ್ತದೆ. ಪುಸ್ತಕದ ಚಿತ್ರಗಳಲ್ಲಿಯೂ ಕ್ಲಾರ್ಕನು ಕಪ್ಪನ್ನು ಹಾಗೆಯೇ ಬಳಸಿದನು. ಹಗಲೆಲ್ಲ ಸಂತರ ಮುಖಗಳನ್ನು ಗಾಜಿನ ಮೇಲೆ ಮೂಡಿಸುವ ಕೈಯೇ ಪೋನ ಕೊಲೆಗಾರರನ್ನೂ ಜೀವಂತ ಹೂಳಲ್ಪಟ್ಟವರನ್ನೂ ಕಾಗದದ ಮೇಲೆ ಎಬ್ಬಿಸಿತು. ಅವನಿಗೂ ಕ್ಷಯ ತಗಲಿತು. ಚಿಕಿತ್ಸೆಗೆಂದು ಸ್ವಿಟ್ಜರ್‌ಲೆಂಡಿಗೆ ಹೋಗಿದ್ದವನು 1931ರ ಜನವರಿ 6ರಂದು ಅಲ್ಲಿಯ ಖೂರ್ ಎಂಬ ಊರಿನಲ್ಲಿ ತೀರಿಕೊಂಡನು. ಆಗ ಅವನಿಗೆ 41 ವರ್ಷ, ಪೋನಿಗಿಂತ ಒಂದು ವರ್ಷ ಹೆಚ್ಚು.